ಸೂಜಿ ಚುಚ್ಚದ ಡಾಕ್ಟರು

ನಾನು ಡಾಕ್ಟರು ಅಂದ ಕೂಡಲೇ ಜನ ನಾಲಿಗೆ ಹೊರಗೆ ಚಾಚುತ್ತಾರೆ. ಬಯೋಕೆಮಿಸ್ಟ್ರಿ ಕಲಿಸುವ ಡಾಕ್ಟರು ಅಂದ ಕೂಡಲೇ ಒಳಗೆ ಎಳೆದುಕೊಳ್ಳುತ್ತಾರೆ. ಗದಗಿನಲ್ಲಿ ಮೆಡಿಕಲ್ ಓದಲು ಬರುವ ಮೊದಲ ವರ್ಷದ ಹುಡುಗರಿಗೆ, ಉಂಡ ಅನ್ನ ಮೈಯೊಳಗೆ ಏನೇನಾಗುತ್ತದೆ ಎಂದು ಹೇಳಿಕೊಡುವುದು ನನ್ನ ಕೆಲಸ. ಪೂರ್ತಿ ಡಾಕ್ಟರಿಕೆ ಕಲಿತೇ ಈ ವಿಷಯಕ್ಕೆ ಬಂದವಳು ನಾನು. ಆದರೆ ಸೂಜಿ ಚುಚ್ಚದ, ಚೀಟಿ ಬರೆಯದ ಡಾಕ್ಟರನ್ನು ನಮ್ಮ ಕಡೆ ಯಾರೂ ಡಾಕ್ಟರೆಂದು ಒಪ್ಪುವುದಿಲ್ಲ. ನಮ್ಮತ್ತೆಯಂತೂ ಮದುವೆಯಾದಾಗಿನಿಂದ ಒಪ್ಪಿಲ್ಲ. ಹಾಗಾಗಿ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿಲ್ಲ.

ಒಮ್ಮೆ ಆಗಿ ಹೋದದ್ದು

ಸಕ್ಕರೆ ಮೈಯಲ್ಲಿ ಕರಗಿ ಶಕ್ತಿಯಾಗುವ ದಾರಿ ಉದ್ದದ್ದು, ಬಾಯಲ್ಲಿ ಹೊರಳದ ಹೆಸರುಗಳದ್ದು. ಹುಡುಗರು ಅದನ್ನು ಹಾಸ್ಟೆಲಿನಲ್ಲಿ ಭಜನೆಯ ಹಾಗೆ ತಾಳ ಹಾಕಿ ಬಾಯಿಪಾಠ ಮಾಡುತ್ತಾರೆ. ಶಿರಹಟ್ಟಿ ಕಡೆಯ ಒಬ್ಬ ಹುಡುಗನಂತೂ ಕಣ್ಣು ಮುಚ್ಚಿ, ತಲೆ ಆಡಿಸುತ್ತ, ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ್ದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದೆ.

ಮುಂದೆ ಅವನು ಕೊರಳಲ್ಲಿ ಸ್ಟೆತಸ್ಕೋಪು ಹಾಕಿಕೊಂಡು ವಾರ್ಡಿನಲ್ಲಿ ಸಿಕ್ಕಾಗ, ಪ್ರೀತಿಯಿಂದ ಅದೇ ದಾರಿಯ ಒಂದು ಸಣ್ಣ ಪ್ರಶ್ನೆ ಕೇಳಿದೆ. ಅವನು ನನ್ನನ್ನು ಕರುಣೆಯಿಂದ ನೋಡಿದ.

“ಮೇಡಂ, ಅದು ನಮಗ ಫಸ್ಟ್ ಇಯರ್‌ದಾಗ ಆಗಿ ಹೋಗೇತ್ರಿ. ದಡಾರ ಇದ್ದಂಗ. ಒಮ್ಮೆ ಆದ್ರ ಮತ್ತ ಆಗಂಗಿಲ್ಲ.”

ಮೈಗೆ ರೋಗ ತಡೆಯುವ ಶಕ್ತಿ ಬರುತ್ತದೆ ಎಂಬ ಪಾಠವಾದರೂ ಇವನಿಗೆ ನೆನಪಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೊಣಕಾಲು

ಅತ್ತೆಯ ಮನೆ ಲಕ್ಷ್ಮೇಶ್ವರದಲ್ಲಿ. ಆ ಓಣಿಯವರಿಗೆ ನಾನು ‘ಅಕ್ಕೋರು’. ಸಾಲಿ ಕಲಿಸುವ ಹೆಂಗಸರನ್ನೆಲ್ಲ ಅವರು ಕರೆಯುವುದೇ ಹಾಗೆ. ಒಂದು ರವಿವಾರ ಎದುರು ಮನೆಯ ಅಜ್ಜಿ ಮೊಣಕಾಲು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು. ಇಂಥ ಅವಕಾಶ ನನಗೆ ದಿನಾ ಸಿಗುವುದಿಲ್ಲ. ಕೀಲಿನೊಳಗಿನ ಮೆತ್ತೆ ಯಾವುದರಿಂದ ಆಗಿದೆ, ಅದು ನೀರು ಹೇಗೆ ಹಿಡಿದಿಡುತ್ತದೆ, ವಯಸ್ಸಾದಂತೆ ಹೇಗೆ ಸವೆಯುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದೆ. ಅಜ್ಜಿ ಗಲ್ಲಕ್ಕೆ ಕೈ ಹಚ್ಚಿ ಎಲ್ಲ ಕೇಳಿದರು. ಚಹಾ ಕುಡಿದರು. ಆಮೇಲೆ ಗೋಡೆ ಹಿಡಿದು ಎದ್ದರು.

“ಭಾಳ ಛಂದ ತಿಳಿಸಿ ಹೇಳಿದ್ರಿ ಅಕ್ಕೋರ. ಬರ್ತೇನ್ರಿ, ಇನ್ನ ಡಾಕ್ಟರ ಕಡೆ ಹೋಗಬೇಕು.”

ಅಡುಗೆಮನೆಯಲ್ಲಿ ಅತ್ತೆ ನಕ್ಕ ಸದ್ದು ಕಟ್ಟೆಗೆ ಕೇಳಿಸಿತು.

ಮುಂಡರಗಿಯ ಚಕ್ರ

ಮುಂಡರಗಿಯಲ್ಲಿ ದವಾಖಾನೆ ಇಟ್ಟ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಖೋಲಿಯ ಗೋಡೆಯ ಮೇಲೆ ಉಂಡ ಅನ್ನ ಶಕ್ತಿಯಾಗುವ ಕೊನೆಯ ಸುತ್ತಾದ ಸಿಟ್ರಿಕ್ ಆಮ್ಲದ ಚಕ್ರದ ದೊಡ್ಡ ಚಿತ್ರಪಟ ಹಾಕಿಸಿದ್ದಾನೆಂದು ಕೇಳಿ ನನಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ನೋಡಲು ಹೋದೆ. ಪಟ ಇತ್ತು, ಕಟ್ಟು ಹಾಕಿಸಿದ್ದ, ಮೇಲೊಂದು ಹೂವಿನ ಹಾರವೂ ಇತ್ತು. ಆದರೆ ತಲೆಕೆಳಗಾಗಿ ನೇತು ಹಾಕಿದ್ದ. ಯಾವಾಗಿನಿಂದ ಹೀಗಿದೆ ಎಂದು ಕೇಳಿದರೆ, ದವಾಖಾನೆ ಚಾಲೂ ಆದಾಗಿನಿಂದ ಎಂದ. ಹೀಗೇಕೆ ಎಂದದ್ದಕ್ಕೆ ಸ್ವಲ್ಪವೂ ನಾಚಲಿಲ್ಲ.

“ಚಕ್ರ ಅಲ್ಲೇನ್ರಿ ಮೇಡಂ? ಹೆಂಗ ತಿರುವಿದ್ರೂ ಅಷ್ಟ.”

ಶಿರಹಟ್ಟಿಯ ಪರೀಕ್ಷೆ

ಅತ್ತೆಗೆ ಶುಗರ್ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೂ ಏರಿಯೇ ಇರುತ್ತಿತ್ತು. ಅವ್ವ ಕದ್ದು ಸಿಹಿ ಉಂಡಿ ತಿನ್ನುತ್ತಾಳೆ ಎಂದು ನನ್ನ ಗಂಡ ಉಂಡಿಯ ಡಬ್ಬಿಯನ್ನು ಅಟ್ಟಕ್ಕೇರಿಸಿದ. ಹಡೆದ ಮಗನೇ ಕಳ್ಳಿ ಅಂದನೆಂದು ಅತ್ತೆ ಕಣ್ಣೀರು ಹಾಕಿದರು. ಅವರು ತಿಂದಿಲ್ಲ, ಉಪವಾಸವಿದ್ದರೂ ಲಿವರ್ ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತದೆ ಎಂದು ನಾನು ಎಷ್ಟು ಹೇಳಿದರೂ ಗಂಡ ನಂಬಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡು, “ನೀ ಹೇಳಿದ್ರ ಆಗಂಗಿಲ್ಲವ್ವಾ. ಖರೆ ಡಾಕ್ಟರ್ ಹೇಳಬೇಕು” ಅಂದರು. ಮೂವರೂ ಶಿರಹಟ್ಟಿಯ ದವಾಖಾನೆಗೆ ಹೋದೆವು.

ಅಲ್ಲಿ ಕೂತಿದ್ದವನು ನಮ್ಮ ದಡಾರದ ಹುಡುಗ. ತಲೆ ಎತ್ತದೆ ಚೀಟಿ ಬರೆಯುತ್ತಿದ್ದವನು ನನ್ನನ್ನು ಕಂಡು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಆಮೇಲೆ ಅತ್ತೆಯ ಉಗುರು, ನಾಲಿಗೆ, ಕಣ್ಣರೆಪ್ಪೆ, ನಾಡಿ, ಅಂಗಾಲು ಒಂದೊಂದಾಗಿ ನೋಡಿದ. ಕಂಡದ್ದನ್ನೆಲ್ಲ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದ, ಅದೂ ನನ್ನ ಕಡೆ ತಿರುಗಿ. ಮುಗಿದ ಮೇಲೆ ಕೈಕಟ್ಟಿ ನಿಂತ. ಮಾರ್ಕ್ಸ್ ಕೊಡುವುದೊಂದು ಬಾಕಿ ಇತ್ತು.

ಆಗ ಅತ್ತೆ ತಮ್ಮ ಪ್ರಶ್ನೆ ಕೇಳಿದರು. ರಾತ್ರಿ ಉಂಡ ಮೇಲೆ ಏನೂ ತಿಂದಿಲ್ಲ, ಬೆಳಿಗ್ಗೆ ಸಕ್ಕರೆ ಎಲ್ಲಿಂದ ಬಂತು?

ಅವನು ಸೂರು ನೋಡಿದ. ಇವನಿಗೆ ಹೊಳೆಯದಿದ್ದರೆ ಅತ್ತೆಯ ಮರ್ಯಾದೆಯೂ ಹೋಯಿತು, ನಾನು ಇಷ್ಟು ವರ್ಷ ಕಲಿಸಿದ್ದೂ ನೀರಿನಲ್ಲಿ ಹೋಯಿತು. ಅವನು ಕಣ್ಣು ಮುಚ್ಚಿದ, ತಲೆ ಆಡಿಸಿದ, ತುಟಿಯಲ್ಲೇ ಹಾಸ್ಟೆಲಿನ ಭಜನೆ ಶುರು ಮಾಡಿದ.

“ಲಿವರ್‌ರೀ ಮೇಡಂ. ಉಪವಾಸ ಇದ್ದಾಗ ಲಿವರ್ ತಾನ ಸಕ್ಕರಿ ತಯಾರ ಮಾಡತೈತಿ. ಅಮ್ಮಾರದು ಏನೂ ತಪ್ಪಿಲ್ರಿ.”

ನನಗೆ ಕುಣಿಯಬೇಕು ಅನಿಸಿತು. “ದಡಾರ ಮತ್ತ ಆತಲ್ಲೋ” ಅಂದೆ. ಅವನು ಹಣೆಯ ಬೆವರು ಒರೆಸಿಕೊಂಡು ನಕ್ಕ. ಲಕ್ಷ್ಮೇಶ್ವರ ಮುಟ್ಟಿದ ಕೂಡಲೇ ಗಂಡ ಅಟ್ಟದಿಂದ ಡಬ್ಬಿ ಇಳಿಸಿದ.

ಡಾಕ್ಟರು ಸೊಸೆಯನ್ನು ಕಂಡು ಕುರ್ಚಿ ಕೆಡವಿದ್ದನ್ನೂ, ಅಂಗಾಲಿನವರೆಗೆ ಮುಟ್ಟಿ ನೋಡಿದ್ದನ್ನೂ ಅತ್ತೆ ಓಣಿಗೆಲ್ಲ ಸಾರಿದರು. ಮುಂದಿನ ರವಿವಾರ ಎದುರು ಮನೆಯ ಅಜ್ಜಿ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು, ಹಿಂದೆ ಆಟೋ. ನಾನು ಸಂತೋಷದಿಂದ ಸೀಮೆಸುಣ್ಣ ತರಲು ಒಳಗೆ ಹೊರಟೆ. ಅಜ್ಜಿ ಕೈ ಅಡ್ಡ ಹಿಡಿದರು.

“ಡಾಕ್ಟರ್ ಅಮ್ಮಾರ, ನೀವೇನೂ ಹೇಳಬ್ಯಾಡ್ರಿ. ಶಿರಹಟ್ಟಿಗೆ ಬಂದು ಆ ಡಾಕ್ಟರ ಮುಂದ ಸುಮ್ಮನ ಕುಂಡ್ರಿ, ಸಾಕು.”