ಅಳಿಸುವ ಭಾಗ, ಉಳಿಸುವ ಭಾಗ

ಹೆಂಡತಿ: ಮೌಸಿನಿಂದ ಕೈ ತೆಗೀರಿ ಅಂದೆ! ಅಲ್ಲಿ ‘ಇಡೀ ಡಿಸ್ಕ್ ಅಳಿಸು’ ಅಂತ ಬರೆದಿದೆ.

ಗಂಡ: ಬರೆದಿದ್ದನ್ನೆಲ್ಲ ಒತ್ತೋಕೆ ನಾನೇನು ಎಳೆ ಮಗುವೇನೇ? ಯಾರ ಹತ್ರಾನೂ ಕಲೀದೆ ಲಿನಕ್ಸನ್ನ ಅರೆದು ಕುಡಿದವನು ನಾನು.

ಹೆಂಡತಿ: ಕುಡಿದಿದ್ದು ಸಾಕು. ನನ್ನ ಕಸೂತಿ ಡಿಸೈನೆಲ್ಲ ಅದರೊಳಗಿವೆ. ನಾಳೆ ಗಿರಾಕಿ ಬಂದು ಕಿಟಕಿ ಪರದೆ ಎಲ್ಲಿ ಅಂದ್ರೆ ನಿಮ್ಮ ಬನಿಯನ್ ಕೊಟ್ಟು ಕಳಿಸ್ಲಾ?

ಗಡಿಯಾರ ರಿಪೇರಿಯ ಗಂಡನಿಗೂ ಹೊಲಿಗೆಯ ಹೆಂಡತಿಗೂ ಅಂಗಡಿ ಒಂದೇ, ಕಂಪ್ಯೂಟರೂ ಒಂದೇ. ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಲಿನಕ್ಸಿನ ಹೊಸ ಆವೃತ್ತಿಯಿದ್ದ ಪೆನ್‌ಡ್ರೈವ್ ಆಗಲೇ ಅದಕ್ಕೆ ಚುಚ್ಚಿಯಾಗಿತ್ತು.

ಗಂಡ: ಡಿಸ್ಕಲ್ಲಿ ಎರಡು ಭಾಗ ಇದೆ ನೋಡು. ಒಂದರಲ್ಲಿ ಹಳೇ ಲಿನಕ್ಸ್, ಇನ್ನೊಂದರಲ್ಲಿ ನಿನ್ನ ಕಸೂತಿ. ಹಳೇ ಲಿನಕ್ಸ್ ಅಳಿಸಿ ಅಲ್ಲಿ ಹೊಸದು ಹಾಕೋದು. ನಿನ್ನ ಭಾಗ ಮುಟ್ಟೋದೇ ಇಲ್ಲ.

ಹೆಂಡತಿ: ಯಾವುದು ನಂದು?

ಗಂಡ: ಈ ಚಿಕ್ಕದು.

ಹೆಂಡತಿ: ಹಗಲೆಲ್ಲ ಸೊಂಟ ಮುರ್ಕೊಂಡು ಮಾಡಿದ್ದು ಚಿಕ್ಕದಾ?

ಗಂಡ: ಲಿನಕ್ಸ್ ಅಂದ್ರೆ ಒಂದು ಪ್ರಪಂಚ ಕಣೇ! ಅದಕ್ಕೆ ದೊಡ್ಡ ಜಾಗ ಬೇಡ್ವಾ?

ಹೆಂಡತಿ: ಪ್ರಪಂಚ ಆಮೇಲಾಯ್ತು. ಮೊದಲು ತೆರೆದು ತೋರಿಸಿ.

ಗಂಡ ಮೂತಿ ಸೊಟ್ಟ ಮಾಡಿಕೊಂಡು ದೊಡ್ಡ ಭಾಗವನ್ನು ತೆರೆದ. ಸ್ಕ್ರೀನಿನ ತುಂಬ ಗಿಳಿ, ಬಳ್ಳಿ, ಮೊಗ್ಗು.

ಹೆಂಡತಿ: ನಿಮ್ಮ ಪ್ರಪಂಚದಲ್ಲಿ ಗಿಳಿಗಳು ಜಾಸ್ತಿ ಕಣ್ರೀ!

ಗಂಡ: ನಿನ್ನನ್ನ ಪರೀಕ್ಷೆ ಮಾಡ್ತಿದ್ದೆ. ಈಗ ಚಿಕ್ಕದಕ್ಕೆ ಮಾತ್ರ ‘ಫಾರ್ಮ್ಯಾಟ್’ ಗುರುತು ಹಾಕ್ತೀನಿ.

ಹೆಂಡತಿ: ಹಾಗಂದ್ರೆ?

ಗಂಡ: ಗುಡಿಸಿ ಸಾರಿಸೋದು.

ಹೆಂಡತಿ: ಮತ್ತೆ ನಂದ್ಯಾಕೆ ಬಿಟ್ರಿ? ಅದಕ್ಕೂ ಹಾಕಿ, ಎಷ್ಟು ಕಸ ತುಂಬಿದೆಯೋ ಏನೋ.

ಗಂಡ: ಸಾರಿಸಿದ್ರೆ ಕಸದ ಜೊತೆ ಗಿಳಿಗಳೂ ಹೋಗ್ತವೆ!

ಹೆಂಡತಿ: ಅಯ್ಯಯ್ಯೋ, ಬೇಡ! ಕಸದಲ್ಲೇ ಬಿದ್ದಿರಲಿ!

ಸ್ವಲ್ಪ ಹೊತ್ತಿನಲ್ಲಿ ಹೊಸ ಲಿನಕ್ಸ್ ಕಣ್ಣು ಬಿಟ್ಟಿತು. ಹೆಂಡತಿ ತನ್ನ ಡಿಸೈನುಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಒಂದು ಎಲೆಯೂ ಉದುರಿರಲಿಲ್ಲ. ಗಂಡ ಮೀಸೆ ತಿರುವಿದ.

ಗಂಡ: ನೋಡಿದ್ಯಾ ಕೈಚಳಕ? ಈ ಖುಷಿಗೆ ನಾನು ಹಾಡಿ ರೆಕಾರ್ಡ್ ಮಾಡಿದ್ದೊಂದು ಹಾಡು ಹಾಕ್ತೀನಿ, ಕೇಳು.

ಅವನು ಹುಡುಕಿದ. ಮತ್ತೆ ಹುಡುಕಿದ. ಮೀಸೆ ಜೋತುಬಿತ್ತು.

ಗಂಡ: ಒಂದೂ ಇಲ್ವಲ್ಲೇ!

ಹೆಂಡತಿ: ನನ್ನ ಭಾಗದಲ್ಲಿ ನೋಡಿ.

ಗಂಡ: ಅಲ್ಲಿ ಯಾಕಿಡ್ಲಿ? ನಾನು ಈ ಕಂಪ್ಯೂಟರಿಗೆ ಯಜಮಾನ ಅಂತ ಯಾವಾಗ್ಲೂ ‘ರೂಟ್’ ಹೆಸರಲ್ಲೇ ಒಳಗೆ ಹೋಗ್ತಿದ್ದೆ. ಯಜಮಾನನ ಫೋಲ್ಡರ್ ಇರೋದು ಲಿನಕ್ಸ್ ಇದ್ದ ಭಾಗದಲ್ಲೇ ಕಣೇ! ನನ್ನ ಕೈಯಾರೆ ಸಾರಿಸಿಬಿಟ್ನಲ್ಲೇ!

ಹೆಂಡತಿ: ಎಲ್ಲಾ ಹಾಡೂ ಹೋದ್ವಾ?

ಗಂಡ: ಒಂದು ಆಲಾಪಾನೂ ಉಳೀಲಿಲ್ಲ.

ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಸ್ಕ್ರೀನನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

ಹೆಂಡತಿ: ನಾನೇ ಸುಮ್ನೆ ಬೈದೆ ಕಣ್ರೀ. ಈ ಹೊಸ ಲಿನಕ್ಸ್ ಭಾಳ ಒಳ್ಳೇದು!