ಎಡಗಣ್ಣಿನ ನೀರಿಗೆ ಹೊಸ ದಾರಿ

ಒಂದು ವಾರ ಏನೂ ಮಾಡದೆ ಕುಳಿತಿರುವುದು ಕಷ್ಟದ ಕೆಲಸವೆಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ನಮ್ಮ ಮನೆಯವರು ಮೂವತ್ತು ವರ್ಷಗಳಿಂದ ಅದನ್ನು ಎಷ್ಟು ಸಲೀಸಾಗಿ ಮಾಡಿಕೊಂಡು ಬಂದಿದ್ದಾರೆ!

ಸಂಗತಿ ಇಷ್ಟು. ನಾಲ್ಕು ವರ್ಷಗಳಿಂದ ನನ್ನ ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ನಾಳ ಕಟ್ಟಿಕೊಂಡಿತ್ತಂತೆ. ಇದರಿಂದ ನನಗೆ ತೊಂದರೆಗಿಂತ ಮರ್ಯಾದೆಯೇ ಹೆಚ್ಚು ಸಿಕ್ಕಿತ್ತು. ಯಾರ ಮದುವೆಯೇ ಇರಲಿ, ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ನನ್ನ ಕೆನ್ನೆ ಒದ್ದೆ. "ಅವಳದ್ದು ಬೆಣ್ಣೆಯಂಥ ಮನಸ್ಸು" ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹೆಸರಾಗಿತ್ತು. ಅದು ಕಟ್ಟಿಹೋದ ಪೈಪು ಎಂದು ನಾನೂ ಯಾರಿಗೂ ಹೇಳಲು ಹೋಗಲಿಲ್ಲ.

ಕೊನೆಗೆ ರೆಪ್ಪೆಯ ಮೂಲೆ ಊದಿ ಕೀವಾದಾಗ ಆಪರೇಷನ್ ಮಾಡಿಸಲೇಬೇಕಾಯಿತು. ನಾಲ್ಕು ಹೊಲಿಗೆ, ಎಡಗಣ್ಣಿಗೆ ಪಟ್ಟಿ, ಮೇಲೊಂದು ಕಪ್ಪು ಕನ್ನಡಕ. ಡಾಕ್ಟರು ಆಜ್ಞೆ ಹೊರಡಿಸಿದರು: ಬಗ್ಗಬಾರದು, ಬಲ ಹಾಕಬಾರದು, ಬಿಸಿ ಆವಿಗೆ ಮುಖ ಕೊಡಬಾರದು, ಮೂಗು ಹಿಂಡಬಾರದು.

"ಹತ್ತನೇ ದಿನ ಮೂಡುಬಿದಿರೆಯಲ್ಲಿ ಅಕ್ಕನ ಮಗಳ ಮದುವೆ ಉಂಟು ಡಾಕ್ಟ್ರೇ" ಎಂದೆ.

"ಎಂಟನೇ ದಿನ ಬನ್ನಿ. ಹೊಲಿಗೆ ಸರಿ ಇದ್ರೆ ಹೋಗಿ. ಇಲ್ಲದಿದ್ರೆ ಇಲ್ಲ."

ಅಕ್ಕನ ಮಗಳು ಶ್ರಾವ್ಯಾ ಕಾಲೇಜಿನ ಐದು ವರ್ಷ ನಮ್ಮ ಮನೆಯಲ್ಲೇ ಇದ್ದವಳು. ನನ್ನ ಕೈಯ ಅನ್ನ ಉಂಡು, ನನ್ನ ಸೀರೆ ಉಟ್ಟು, ನನ್ನೊಡನೆಯೇ ಜಗಳವಾಡಿ ಬೆಳೆದವಳು. ಅವಳನ್ನು ಒಪ್ಪಿಸಿಕೊಡುವಾಗ ನಾನಿಲ್ಲದಿದ್ದರೆ ಹೇಗೆ? ಎಂಟು ದಿನ ಕಲ್ಲಿನ ಹಾಗೆ ಕೂರುತ್ತೇನೆಂದು ಶಪಥ ಮಾಡಿದೆ.

ಶಪಥ ಮೊದಲ ದಿನ ಮಧ್ಯಾಹ್ನದವರೆಗೆ ಬಾಳಿತು.

ಕುರ್ಚಿಯಲ್ಲಿ ಕುಳಿತರೆ ಜೇಡರ ಬಲೆ ಕಾಣುತ್ತದೆ. ಮಲಗಿದರೆ ಫ್ಯಾನಿನ ಧೂಳು. ಎದ್ದರೆ ಇವರು ಒಲೆಯ ಮೇಲೆಲ್ಲ ಉಕ್ಕಿಸಿದ ಗಂಜಿ. ಒಂದೇ ಕಣ್ಣಿಗೆ ಇಷ್ಟು ಕಾಣುವುದಾದರೆ, ಎರಡು ಕಣ್ಣಿದ್ದಾಗ ನಾನು ಹೇಗೆ ಬದುಕಿದ್ದೆನೋ! ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ ನಡೆದೆ.

"ಕೂತ್ಕೊ ಮಾರಾಯ್ತಿ! ನಿನ್ನನ್ನು ನೋಡಿ ನೋಡಿ ನನಗೆ ತಲೆ ತಿರುಗ್ತದೆ" ಎಂದು ಇವರು ಪೇಪರಿನ ಹಿಂದಿನಿಂದ ಗೋಗರೆದರು.

ಆರನೇ ದಿನ ಶ್ರಾವ್ಯಾ ಫೋನ್ ಮಾಡಿದಳು. "ಚಿಕ್ಕಮ್ಮ, ನಾಳೆ ಊಟಕ್ಕೆ ಬರ್ತೇನೆ. ನಿಮ್ಮ ಮನೆ ಊಟ ಮಾತ್ರ ಬಾಕಿ ಉಂಟು."

ಮದುಮಗಳನ್ನು ಮದುವೆಗೆ ಮೊದಲು ನೆಂಟರೆಲ್ಲ ಕರೆದು ಉಣ್ಣಿಸುವುದು ನಮ್ಮಲ್ಲಿ ಕ್ರಮ. "ಗಂಜಿ ಉಂಟು, ಮಿಡಿ ಉಪ್ಪಿನಕಾಯಿ ಉಂಟು. ಫರಂಗಿಪೇಟೆಯಿಂದ ಒಳ್ಳೆ ಮೀನು ತರ್ತೇನೆ, ಸಾಕಲ್ಲ?" ಎಂದರು ಇವರು. ಮದುಮಗಳಿಗೆ ಗಂಜಿಯೇ! ಅವಳಿಗೆ ಪ್ರಾಣ ಎಂದರೆ ಸೇಮಿಗೆ, ಅಂದರೆ ಅಕ್ಕಿಯ ಒತ್ತು ಶ್ಯಾವಿಗೆ, ಮತ್ತು ಬೆಲ್ಲ ಹಾಕಿದ ಕಾಯಿಹಾಲು. ಇವರ ಕಣ್ಣು ತಪ್ಪಿಸಿ ಸಂಜೆಯೇ ಅಕ್ಕಿ ನೆನೆಸಿದೆ. ಒಂದು ಕಣ್ಣಿನವಳು ಎರಡು ಕಣ್ಣಿನವರನ್ನು ಏಮಾರಿಸಿದೆ!

ಮರುದಿನ ಇವರು ಮೀನಿಗೆ ಹೊರಟದ್ದೇ ತಡ, ಅಕ್ಕಿ ರುಬ್ಬಿ, ಕಾಯಿಸಿ, ಉಂಡೆ ಕಟ್ಟಿ ಬೇಯಲು ಇಟ್ಟೆ. ಸೇಮಿಗೆ ಒತ್ತುವ ಮೂರು ಕಾಲಿನ ಮಣೆ ಮಂಚದ ಅಡಿಯಲ್ಲಿತ್ತು. ಬಗ್ಗಿ ಎಳೆದೆ. ಬಿಸಿ ಉಂಡೆ ಹಾಕಿ ಹಿಡಿ ತಿರುಗಿಸಿದೆ. ಅದು ಅಲುಗಲಿಲ್ಲ. ಮೈಯ ಭಾರವನ್ನೆಲ್ಲ ಬಿಟ್ಟೆ. ಆವಿ ಎದ್ದು ಕನ್ನಡಕ ಮಂಜಾಯಿತು. ಕನ್ನಡಕ ತೆಗೆದೆ. ಡಾಕ್ಟರು ಬೇಡವೆಂದದ್ದರಲ್ಲಿ ಮೂರನ್ನು ಒಂದೇ ಪಾತ್ರೆಯ ಮೇಲೆ ಪೂರೈಸಿದ ಹೆಗ್ಗಳಿಕೆ ನನ್ನದು! ಅಷ್ಟರಲ್ಲಿ ಮಂಚದಡಿಯ ಧೂಳು ತನ್ನ ಕೆಲಸ ಮಾಡಿತು.

ಆಕ್ಷೀ!

ಮೂಗಿನಿಂದ ನಾಲ್ಕು ಹನಿ ರಕ್ತ ಸೇಮಿಗೆಯ ಮೇಲೆ ಬಿತ್ತು. ಅದೇ ಗಳಿಗೆಗೆ ಬಾಗಿಲಲ್ಲಿ ಇವರು ಮೀನಿನೊಂದಿಗೆ, ಶ್ರಾವ್ಯಾ ಮಲ್ಲಿಗೆಯೊಂದಿಗೆ. ಅವಳು ಕಿರುಚಿದ್ದು ಪೇಟೆಗೆ ಕೇಳಿರಬೇಕು.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಒಂದು ಪಾತ್ರೆ ಸೇಮಿಗೆಗಾಗಿ ಮಗುವಿನ ಮದುವೆ ಕಳೆದುಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಶ್ರಾವ್ಯಾ ನನ್ನ ಕೈ ಬಿಡಲಿಲ್ಲ. ಡಾಕ್ಟರು ಪಟ್ಟಿ ಬಿಚ್ಚಿ, ಬಲ್ಬು ಹಾಕಿ ನೋಡಿ, ಐದು ನಿಮಿಷ ಬೈದು, ಆಮೇಲೆ ಹೇಳಿದರು: "ನಿಮ್ಮ ಪುಣ್ಯ, ಹೊಲಿಗೆಗೆ ಏನೂ ಆಗ್ಲಿಲ್ಲ. ನಾಳ ಚೆನ್ನಾಗಿ ತೆರೆದುಕೊಂಡಿದೆ. ಮದುವೆಗೆ ಹೋಗಿ, ಆದ್ರೆ ಮೂಗು ಹಿಂಡಬೇಡಿ."

ಹೋದೆ. ಶ್ರಾವ್ಯಾಳ ಕೈಯನ್ನು ಅವಳ ಅತ್ತೆಯ ಕೈಯಲ್ಲಿಟ್ಟಾಗ ಅಕ್ಕ ಅತ್ತಳು, ಭಾವ ಅತ್ತರು, ಅಡುಗೆಯವರೂ ಅತ್ತರು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ನಿಜವಾಗಿ ಅಳು ಉಕ್ಕಿ ಬಂತು. ಎದೆ ಒಡೆದು ಹೋಗುವಂತೆ ಒಳಗೊಳಗೇ ಅತ್ತೆ. ಆದರೆ ಆ ಹಾಳು ನಾಳ ಈಗ ರಿಪೇರಿಯಾಗಿದೆಯಲ್ಲ! ಎಡಗಣ್ಣಿನ ನೀರೆಲ್ಲ ಶಿಸ್ತಾಗಿ ಮೂಗಿಗಿಳಿಯಿತು. ಬಲಗಣ್ಣು ಹೇಗೂ ಮೊದಲಿನಿಂದಲೂ ಶಿಸ್ತಿನದ್ದೇ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಯಾರ್ಯಾರದೋ ಮದುವೆಗೆ ಅತ್ತವಳು ನೀನು. ನನ್ನ ಮಗಳಿಗೆ ಒಂದು ಹನಿ ಇಲ್ವಾ?"

ಉತ್ತರ ಕೊಡಲು ಬಾಯಿ ತೆರೆದೆ. ಮೂಗು ಸೊರಸೊರ ಸುರಿಯಿತು. ಹಿಂಡುವಂತಿಲ್ಲ! ಸೆರಗಿನಿಂದ ಒತ್ತಿಕೊಂಡು ನಿಂತೆ. ಮದುಮಗನ ತಾಯಿ ಕನಿಕರದಿಂದ ಹತ್ತಿರ ಬಂದರು. "ಪಾಪ, ಇವರಿಗೆ ಜೋರು ಶೀತ ಆಗಿದೆ. ಯಾರಾದ್ರೂ ಒಂದು ಲೋಟ ಕಷಾಯ ತನ್ನಿ."

ಕರಿಮೆಣಸಿನ ಕಷಾಯ ಬಂತು. ನನ್ನ ದುಃಖಕ್ಕೆ ಸಿಕ್ಕಿದ ಮದ್ದೆಂದು ಪೂರ್ತಿ ಕುಡಿದೆ. ಗಂಟಲು ಸುಟ್ಟುಹೋಗುವಷ್ಟು ಖಾರ ಇತ್ತು. ಆಗಲೂ ಕಣ್ಣಿನಲ್ಲಿ ಒಂದು ಹನಿ ಬರಲಿಲ್ಲ.