ಶೂ ಡಬ್ಬಿಯಲ್ಲೊಂದು ಅಡುಗೆಮನೆ

ನ್ಯಾಯ ಬೇಕೆನ್ನುವವರು ಸ್ವಲ್ಪ ಯೋಚಿಸಿ ಕೇಳಬೇಕು. ಕೇಳಿದಷ್ಟನ್ನೇ ಕೊಟ್ಟು ಸುಮ್ಮನಾಗುವ ಸ್ವಭಾವ ಅದಕ್ಕಿಲ್ಲ. ಇದನ್ನು ನಾನು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತು ಕಲಿತೆ.

ನನ್ನದು ಕನ್ನಡಕದ ಅಂಗಡಿ. ಹಗಲೆಲ್ಲ ಸಾಸಿವೆ ಗಾತ್ರದ ಸ್ಕ್ರೂ ತಿರುಗಿಸುವ ಕೈಗೆ ಸಂಜೆ ಸುಮ್ಮನಿರಲು ಬರುವುದಿಲ್ಲ. ಮನೆಗೆ ಬಂದ ಮೇಲೆ ಮನೆ, ಕಟ್ಟಡಗಳ ಪುಟಾಣಿ ಮಾದರಿಗಳನ್ನು ಮಾಡುತ್ತೇನೆ. ಈ ಹವ್ಯಾಸಕ್ಕೊಂದು ಸಂಘವಿದೆ, ವರ್ಷಕ್ಕೊಮ್ಮೆ ಸ್ಪರ್ಧೆಯಿದೆ, ಪದಕವಿದೆ. ಆದರೆ ಸ್ಪರ್ಧೆ ನಡೆಯುವ ನಗರಕ್ಕೆ ನಮ್ಮೂರಿನಿಂದ ಒಂದಿಡೀ ದಿನ ಬಸ್ಸಿನಲ್ಲಿ ಕುಳಿತಿರಬೇಕು. ಹೋದ ವರ್ಷ ನನ್ನ ಪುಟಾಣಿ ಗ್ರಂಥಾಲಯವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಪಕ್ಕದ ಸೀಟಿನವರು ತೂಕಡಿಸುತ್ತ ಅದರ ಮೇಲೆ ಮೊಣಕೈ ಊರಿದರು. ತೀರ್ಪುಗಾರರ ಮುಂದೆ ನಾನು ಮಂಡಿಸಿದ್ದು ಭೂಕಂಪದ ನಂತರದ ಗ್ರಂಥಾಲಯವನ್ನು. (ಭೂಕಂಪಕ್ಕೆ ಪ್ರತ್ಯೇಕ ವಿಭಾಗವಿರಲಿಲ್ಲ.) ಪದಕ ಎಂದಿನಂತೆ ಸ್ಪರ್ಧೆಯ ಸಭಾಂಗಣದ ಹಿಂದಿನ ಬೀದಿಯಲ್ಲೇ ಇರುವವರಿಗೆ ಹೋಯಿತು.

ನನಗೆ ನಿಜವಾಗಿ ಸಂಕಟವಾಯಿತು. ಪದಕವೆಂದರೆ ಒಂದು ತಗಡಿನ ಬಿಲ್ಲೆ, ಅಷ್ಟೇ. ಆದರೂ ನಾವು ಮಾಡಿದ್ದನ್ನು ಆ ಕೆಲಸ ಬಲ್ಲವರೊಬ್ಬರು ನೋಡಿ ‘ಚೆನ್ನಾಗಿದೆ’ ಅನ್ನಲಿ ಎಂಬ ಆಸೆ ದೂರದ ಊರಿನವನಿಗೇನು ಕಡಿಮೆಯೇ? ಹೀಗೆಂದು ‘ದೂರವಾಸಿ ಕಲಾವಿದರ ಹಕ್ಕುಬಾಧ್ಯತೆಗಳು’ ಎಂಬ ಘನಗಂಭೀರ ಶೀರ್ಷಿಕೆಯಡಿ ಸಂಘಕ್ಕೊಂದು ಮನವಿ ಸಲ್ಲಿಸಿದೆ.

ಸಂಘ ಒಪ್ಪಿಬಿಟ್ಟಿತು. ಇನ್ನು ಮೇಲೆ ದೂರದವರಿಗೆ ಫೋನಿನ ವಿಡಿಯೊದಲ್ಲೇ ಪರೀಕ್ಷೆ. ಆದರೆ ಮಾಡಿದವನು ಫೋನು ಹಿಡಿಯಬಾರದು, ಮಾತಾಡಬಾರದು; ಮನೆಯವರು ತೋರಿಸಬೇಕು. ನಿಜವಾದ ಜಾಗವೊಂದರ ನಕಲಾಗಿದ್ದರೆ ಅಸಲನ್ನೂ ಜೊತೆಗೆ ತೋರಿಸಬೇಕು. ಎಷ್ಟು ನ್ಯಾಯವಾದ ನಿಯಮ ಎಂದು ನಾನೇ ಮೆಚ್ಚಿಕೊಂಡೆ. ಈ ಸಲ ನಾನು ಮಾಡಿದ್ದು ನಮ್ಮ ಅಡುಗೆಮನೆಯನ್ನೇ, ಒಂದು ಶೂ ಡಬ್ಬಿಯೊಳಗೆ.

ತೀರ್ಪುಗಾರರು ನಿವೃತ್ತ ಡ್ರಾಯಿಂಗ್ ಮೇಡಂ. ನನ್ನ ಹೆಂಡತಿ ಫೋನು ಹಿಡಿದಳು. ನಾನು ಹೊಸ್ತಿಲಲ್ಲಿ ನಿಂತೆ.

“ನಲ್ಲಿ ಎಷ್ಟು ನಾಜೂಕಾಗಿದೆ. ತಿರುಗುತ್ತಾ?” ಎಂದರು ಮೇಡಂ.

“ತಿರುಗುತ್ತೆ ಮೇಡಂ. ಪೂರ್ತಿ ನಿಲ್ಲಿಸೋಕೂ ಆಗುತ್ತೆ.”

“ಈಗ ಅಸಲಿ ತೋರಿಸಿ. ಅಯ್ಯೋ, ಇದಕ್ಕೆ ಬಟ್ಟೆ ಕಟ್ಟಿದೀರಲ್ಲ?”

“ಸೋರುತ್ತೆ. ಹೇಳಿ ಹೇಳಿ ನನಗೂ ಸಾಕಾಯ್ತು. ಇವರು ರಿಪೇರಿ ಮಾಡಿಲ್ಲ ಅಂತಲ್ಲ, ಮಾಡಿದಾರೆ. ಚಿಕ್ಕದನ್ನ.”

“ಕಪಾಟಿನ ಬಾಗಿಲು?”

“ಗೋಡೆಗೆ ಒರಗಿ ನಿಂತಿದೆ ನೋಡಿ. ಬಂದವರೆಲ್ಲ ಅದನ್ನೂ ಮಾತಾಡಿಸಿಕೊಂಡೇ ಹೋಗ್ತಾರೆ.”

ನಾನು ಹೊಸ್ತಿಲಿಂದ ಕೈಸನ್ನೆ, ಕಣ್ಸನ್ನೆ, ಕೊನೆಗೆ ಕೈಮುಗಿಯುವ ಸನ್ನೆಯನ್ನೂ ಮಾಡಿದೆ. ಅವಳು ನೋಡಲಿಲ್ಲ. (ನೋಡಿದ್ದಳು.)

“ಡಬ್ಬಿಯಲ್ಲಿ ಒಲೆ ಮುಂದೆ ಒಂದು ಸ್ಟೂಲ್ ಇದೆಯಲ್ಲ, ಅದರ ಅಸಲಿ ಎಲ್ಲಿ?”

ಅವಳು ಬಗ್ಗಿ ಡಬ್ಬಿಯೊಳಗೆ ನೋಡಿದಳು. ಅಲ್ಲಿಯವರೆಗೆ ಅದನ್ನು ಅವಳು ಗಮನಿಸಿರಲಿಲ್ಲ. “ಅದು ನಮ್ಮನೇಲಿ ಇಲ್ಲ ಮೇಡಂ. ನಾನು ನಿಂತೇ ಅಡುಗೆ ಮಾಡೋದು,” ಎಂದವಳು ನನ್ನ ಕಡೆ ತಿರುಗಿದಳು. “ಇದ್ಯಾಕ್ರೀ ಇಟ್ರಿ?”

ನಾನು ನಿಯಮಬದ್ಧನಾಗಿ ಫೋನಿನ ಕಡೆ ಬೆರಳು ತೋರಿಸಿದೆ. “ಪರವಾಗಿಲ್ಲ, ಹೇಳಿ,” ಎಂದರು ಮೇಡಂ.

“ನಿನಗೆ ಮಂಡಿ ನೋವಲ್ವಾ, ಅದಕ್ಕೆ.”

“ಮಂಡಿ ನೋಯೋದು ಈ ಅಡುಗೆಮನೇಲಿ ನಿಲ್ಲೋಳಿಗಲ್ವಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗಾದರೆ ನನ್ನ ಬಳಿ ಉತ್ತರಗಳ ದಾಸ್ತಾನೇ ಇದೆ. ಅವಳ ನೋವು ನನಗೆ ಗೊತ್ತಿತ್ತು. ಅದಕ್ಕೆ ನಾನು ಮಾಡಿದ ಉಪಾಯದ ಮೇಲೆ ಒಂದು ಇರುವೆ ಕೂರಬಹುದಿತ್ತು. ನನಗೆ ನಾಚಿಕೆಯಾಯಿತು.

ಮೇಡಂ ತೀರ್ಪು ಕೊಟ್ಟರು. “ಕೈಕೆಲಸಕ್ಕೆ ಪೂರ್ತಿ ಅಂಕ. ಹೋಲಿಕೆಗೆ ಸೊನ್ನೆ. ಮುಂದಿನ ತಿಂಗಳು ಮತ್ತೆ ನೋಡ್ತೀನಿ. ಎರಡೂ ಒಂದೇ ಥರ ಇದ್ರೆ ಪದಕ.”

ಇಷ್ಟೇ ತಾನೇ? ಚಿಕ್ಕ ನಲ್ಲಿಗೊಂದು ದಾರ ಸುತ್ತಿ, ಕಪಾಟಿನ ಬಾಗಿಲು ಕಿತ್ತು, ಸ್ಟೂಲು ತೆಗೆದುಬಿಟ್ಟರೆ ಒಂದು ಸಂಜೆಯ ಕೆಲಸ. ನಾಚಿಕೆಯ ನಡುವೆಯೇ ನನ್ನ ಕೈ ಚಿಮುಟದ ಕಡೆ ಹೋಗಿತ್ತು. (ಅಭ್ಯಾಸಬಲ.) ಅವಳು ಡಬ್ಬಿಯನ್ನೆತ್ತಿ ನನ್ನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟಳು.

“ಚಿಕ್ಕದನ್ನ ಮುಟ್ಟಬೇಡಿ. ಅದು ಸರಿಯಾಗೇ ಇದೆ.”

ಆ ತಿಂಗಳು ನಾನು ಪಟ್ಟ ಪಾಡನ್ನು ವಿವರಿಸುವುದಿಲ್ಲ. ದೊಡ್ಡ ನಲ್ಲಿ ನನಗೆ ತಲೆಸ್ನಾನ ಮಾಡಿಸಿತು. ಕಪಾಟಿನ ಬಾಗಿಲು ಹೆಬ್ಬೆರಳಿನ ಉಗುರನ್ನು ಕಾಣಿಕೆ ಪಡೆದೇ ಸ್ವಸ್ಥಾನಕ್ಕೆ ಮರಳಿತು. ಸ್ಟೂಲನ್ನಂತೂ ಹೊಸದಾಗಿ ನಾನೇ ಮಾಡಿದೆ. ಒಂದು ಕಾಲು ಗಿಡ್ಡವಾಯಿತೆಂದು ಉಳಿದ ಮೂರನ್ನು ಕೊಯ್ದು ಕೊಯ್ದು, ಇನ್ನೇನು ಅದು ಮಣೆಯಾಗುತ್ತದೆ ಅನ್ನುವಷ್ಟರಲ್ಲಿ ನಿಲ್ಲಿಸಿದೆ. ಅವಳು ಕೂತಳು. ಮಂಡಿ ಸವರಿಕೊಂಡು, “ಚೆನ್ನಾಗಿದೆ,” ಎಂದಳು. ನನಗೆ ಯಾಕೋ ಪದಕದ ನೆನಪೇ ಆಗಲಿಲ್ಲ.

ಮುಂದಿನ ತಿಂಗಳು ಮೇಡಂ ಮತ್ತೆ ನೋಡಿ ಪೂರ್ತಿ ಅಂಕ ಕೊಟ್ಟರು. ಪದಕ ಪೋಸ್ಟಿನಲ್ಲಿ ಬಂತು. ಅವಳು ಅದನ್ನು ಸೆರಗಿನಿಂದ ಒರೆಸಿ ಗೋಡೆಗೆ ತೂಗುಹಾಕಿದಳು.

“ಮುಂದಿನ ವರ್ಷಕ್ಕೆ ಬಚ್ಚಲುಮನೆ,” ಎಂದಳು. “ಮೇಡಂಗೆ ಫೋನ್ ಮಾಡಿ ನಿಮ್ಮ ಹೆಸರು ಸೇರಿಸಾಗಿದೆ.”

“ಚಿಕ್ಕದು ಮಾಡೋಕೇ ವರ್ಷ ಬೇಕಲ್ಲೇ.”

“ಅದಕ್ಕೇನು ಅವಸರ? ಮೊದಲು ದೊಡ್ಡದನ್ನ ಮಾಡಿ. ಅದನ್ನ ನೋಡಿಕೊಂಡು ಚಿಕ್ಕದು ಮಾಡಿದ್ರಾಯ್ತು,” ಎಂದು ಸುತ್ತಿಗೆ ನನ್ನ ಕೈಗಿತ್ತಳು.